ಮಂತ್ ಎಂಡಿಗೆ ಸುಳ್ಳು ಬಿಲ್ ಹಾಕದ ಸೇಲ್ಸ್‌ಮನ್ ಬೇಕಾದರೆ

ದಾವಣಗೆರೆಯಲ್ಲಿ ನಮ್ಮದೊಂದು ಸಣ್ಣ ಏಜೆನ್ಸಿ, ಕಂಪನಿ ಮಾಲನ್ನು ಅಂಗಡಿಗಳಿಗೆ ಹಾಕುವುದು. ಸೋಪು, ಪೇಸ್ಟು, ಬಿಸ್ಕತ್ತು, ತಲೆಗೆ ಹಚ್ಚುವ ಎಣ್ಣೆ. ಲೈನು ಅಂದರೆ ಸೇಲ್ಸ್‌ಮನ್ ಆರ್ಡರಿಗೆ, ವಸೂಲಿಗೆ ಸುತ್ತುವ ಅಂಗಡಿಗಳ ಸಾಲು; ಊರೊಳಗೆ ಅಂಥವು ನಾಲ್ಕು, ಹೊರಗೆ ಹರಿಹರ, ಮಲೇಬೆನ್ನೂರು, ಜಗಳೂರು. ಸೇಲ್ಸ್‌ಮನ್‌ಗಳನ್ನು ಹುಡುಕಿ ಹುಡುಕಿ, ತಪ್ಪು ಮಾಡಿ ಮಾಡಿ, ಈಗ ಒಂದಿಷ್ಟು ಗೊತ್ತಾಗಿದೆ. ಹೊಸದಾಗಿ ಏಜೆನ್ಸಿ ಹಿಡಿದವರು ಫೋನ್ ಮಾಡಿ "ಪ್ರೆಶರ್ ತಡ್ಕೊಳ್ಳೋ ಹುಡುಗ್ರು ಇದ್ರೆ ಹೇಳಿ ಅಣ್ಣಾ" ಅಂತ ಕೇಳುತ್ತಲೇ ಇರುತ್ತಾರೆ. ಅಂಥ ಹುಡುಗರು ಇದ್ದರೆ ನಾನೇ ಇಟ್ಟುಕೊಳ್ಳುತ್ತೇನೆ, ನಿಮಗೆ ಯಾಕೆ ಕಳಿಸಲಿ? ಆದರೆ ಹುಡುಕುವುದು ಹೇಗೆ ಅಂತ ಹೇಳಬಲ್ಲೆ.

ಮೊದಲು ನನ್ನ ದೊಡ್ಡ ತಪ್ಪು ಹೇಳಿಬಿಡುತ್ತೇನೆ. ಕೆಲವು ವರ್ಷದ ಹಿಂದೆ ಒಬ್ಬ ಬಂದ. ಮಾತು ಅಂದರೆ ಮಾತು. ಕುಳಿತ ಐದು ನಿಮಿಷಕ್ಕೆ ನನ್ನ ಸೋಪನ್ನು ನನಗೇ ಮಾರಿಬಿಟ್ಟಿದ್ದ. ಅವತ್ತೇ ಬ್ಯಾಗು, ಟ್ಯಾಬ್ ಕೊಟ್ಟು ಹರಿಹರ ಲೈನಿಗೆ ಹಾಕಿದೆ. ಮೂರು ತಿಂಗಳು ಟಾರ್ಗೆಟ್ ಪಕ್ಕಾ. ನಾಲ್ಕನೇ ತಿಂಗಳು 30ನೇ ತಾರೀಕು ಸಂಜೆ ಏಳು ಗಂಟೆಗೆ ಒಂದೇ ಅಂಗಡಿಗೆ 22 ಕೇಸು ಸೋಪಿನ ಆರ್ಡರ್ ಬಂತು. ನನಗೂ ಖುಷಿ, ಕಂಪನಿ ಆಫೀಸರಿಗೂ ಖುಷಿ. 2ನೇ ತಾರೀಕು ಗಾಡಿ ಹೋದರೆ ಸಾಹುಕಾರರು ಮಾಲು ಇಳಿಸುವುದಕ್ಕೇ ಬಿಡಲಿಲ್ಲ. "ನಾನ್ಯಾವಾಗ ಹೇಳಿದ್ನಪ್ಪಾ ಇಷ್ಟು? ನನ್ ಅಂಗಡೀಲಿ ಇದನ್ನ ಇಡೋಕೆ ಜಾಗ ಎಲ್ಲಿದೆ ನೀನೇ ನೋಡು" ಅಂತ ಡೆಲಿವರಿ ಹುಡುಗನನ್ನು ಒಳಗೆ ಕರೆದು ತೋರಿಸಿದರಂತೆ.

ಮಾಲು ವಾಪಸ್ ಬಂತು. ಅದಕ್ಕಿಂತ ದೊಡ್ಡ ತಲೆನೋವು ಕಾಗದದ್ದು. ಬಿಲ್ ಹಿಂದಿನ ತಿಂಗಳ ಲೆಕ್ಕಕ್ಕೆ ಸೇರಿಹೋಗಿದೆ, ಜಿಎಸ್‌ಟಿ ರಿಟರ್ನಿಗೂ ಹೋಗುತ್ತದೆ. ಆ ಬಿಲ್ಲಿನ ಮೊತ್ತ ಕಳೆಯಲು ಕ್ರೆಡಿಟ್ ನೋಟ್ ಹಾಕಬೇಕು. ಕಂಪನಿಯ ಸ್ಕೀಮು, ಅಂದರೆ ಆಫರಿನ ದುಡ್ಡಿಗೆ ಹಾಕಿದ ಕ್ಲೇಮು ತಿರುಗಿಸಬೇಕು. ಕಂಪನಿಗೆ ಸಬೂಬು ಹೇಳಬೇಕು. ಇಷ್ಟೆಲ್ಲ ಆಗಿ ಅವನನ್ನು ಕೂರಿಸಿಕೊಂಡು ಕೇಳಿದರೆ ಒಂದೇ ಮಾತು: "ಟಾರ್ಗೆಟ್ಟಿಗೆ ಇನ್ನೂ ಆರು ಪರ್ಸೆಂಟ್ ಬೇಕಿತ್ತು ಅಣ್ಣಾ."

ಅವನು ಕಳ್ಳನಲ್ಲ. ಒಂದು ರೂಪಾಯಿ ಮುಟ್ಟಿದವನಲ್ಲ. "ಈ ತಿಂಗಳು ಆಗಲಿಲ್ಲ" ಅಂತ ಹೇಳುವ ಧೈರ್ಯ ಇರಲಿಲ್ಲ, ಅಷ್ಟೇ. ಅವತ್ತಿನಿಂದ ನಾನು ಹುಡುಕುವುದು ಇದನ್ನೇ. ಒತ್ತಡ ಜಾಸ್ತಿಯಾದಾಗ ಮೊದಲು ಕೆಡುವುದು ಲೆಕ್ಕ. ನಡಿಗೆ, ನಗು, ಮಾತು ಎಲ್ಲ ಹಾಗೇ ಇರುತ್ತದೆ, ಹಾಗಾಗಿ ನಮಗೆ ಗೊತ್ತೇ ಆಗುವುದಿಲ್ಲ. ಕೆಟ್ಟ ಸುದ್ದಿಯನ್ನು ಅದೇ ದಿನ ಸಂಜೆ ತಂದು ನಿಮ್ಮ ಮುಂದೆ ಇಡುವವನು ಸಿಕ್ಕರೆ ಅವನನ್ನು ಬಿಡಬೇಡಿ. ಉಳಿದದ್ದೆಲ್ಲ ಕಲಿಸಬಹುದು.

ಎಲ್ಲಿ ಹುಡುಕಬೇಕು?

ಬೇರೆ ಏಜೆನ್ಸಿಯ ಸೇಲ್ಸ್‌ಮನ್‌ನನ್ನು ಸಾವಿರ ರೂಪಾಯಿ ಜಾಸ್ತಿ ಕೊಟ್ಟು ಎಳೆದುಕೊಳ್ಳುವುದು ಎಲ್ಲರೂ ಮಾಡುವ ಕೆಲಸ. ಹಾಗೆ ಬಂದವನು ಹಾಗೇ ಹೋಗುತ್ತಾನೆ ಅನ್ನುವುದು ಒಂದು. ಇನ್ನೊಂದು, ಯಾಕೆ ಬಿಡುತ್ತಿದ್ದಾನೆ ಅಂತ ನೋಡಬೇಕು. ಎಷ್ಟೋ ಸಲ ಅಲ್ಲಿ ಲೈನಿನಲ್ಲಿ ಬಾಕಿ ಸಿಕ್ಕಿಹಾಕಿಕೊಂಡಿರುತ್ತದೆ, ಅದು ಹೊರಗೆ ಬರುವ ಮೊದಲು ಜಾಗ ಖಾಲಿ ಮಾಡುತ್ತಿರುತ್ತಾರೆ.

ನನಗೆ ಒಳ್ಳೆಯವರು ಸಿಕ್ಕಿದ್ದು ಬೇರೆ ಕಡೆ. ನಮ್ಮದೇ ಗಾಡಿಯ ಡೆಲಿವರಿ ಹುಡುಗ ಒಬ್ಬ. ಸೇಲ್ಸ್‌ಮನ್ ಹೇಳಿದ ಸುಳ್ಳಿಗೆಲ್ಲ ಅಂಗಡಿಯವರ ಬೈಗುಳ ತಿನ್ನುವವನು ಡೆಲಿವರಿ ಹುಡುಗ ತಾನೇ? ಎರಡು ವರ್ಷ ಅದನ್ನು ತಿಂದು, ಆದರೂ ಬೆಳಗ್ಗೆ ಎಂಟಕ್ಕೆ ಗೋಡೌನ್ ಮುಂದೆ ನಿಂತಿರುವವನಿಗೆ ನಾನು ಒತ್ತಡದ ಪರೀಕ್ಷೆ ಇನ್ನೇನು ಮಾಡಲಿ. ಬಟ್ಟೆ ಅಂಗಡಿಯಲ್ಲಿ ಒಂದು ದೀಪಾವಳಿ, ಒಂದು ಮದುವೆ ಸೀಸನ್ ಪೂರ್ತಿ ನಿಂತು ಸೀರೆ ಬಿಚ್ಚಿ ಮಡಿಸಿದವರೂ ಒಳ್ಳೆಯವರು. ಅರವತ್ತು ಸೀರೆ ತೋರಿಸಿ, ಗಿರಾಕಿ "ಮತ್ತೆ ಬರ್ತೀವಿ" ಅಂತ ಎದ್ದು ಹೋದರೂ ಮುಖ ಗಂಟು ಹಾಕದೆ ಮುಂದಿನವರಿಗೆ "ಬರ್ರೀ ಅಕ್ಕಾ" ಅನ್ನುವುದು ಸುಮ್ನೆ ಬರುವ ವಿದ್ಯೆ ಅಲ್ಲ.

ಇನ್ನೊಂದು ಹೇಳಿದರೆ ನಗುತ್ತೀರಿ. ಭಾನುವಾರ ಬೆಳಗ್ಗೆ ಒಂಬತ್ತರ ಹೊತ್ತಿಗೆ ರಶ್ ಇರುವ ಬೆಣ್ಣೆ ದೋಸೆ ಹೋಟೆಲಿಗೆ ಹೋಗಿ ಸಪ್ಲೈಯರ್‌ಗಳನ್ನು ನೋಡಿ. ಆರು ಟೇಬಲ್, ಕಾವಲಿಯ ಹತ್ತಿರ ಸಾಲು ಆರ್ಡರ್, ಕೂತವರೆಲ್ಲ "ನಮ್ದು ಎಲ್ರೀ" ಅನ್ನುವವರೇ. ಒಬ್ಬ "ಬಂತು ಬಂತು" ಅನ್ನುತ್ತಾ ತಿರುಗುತ್ತಿರುತ್ತಾನೆ. ಇನ್ನೊಬ್ಬ "ನಿಮ್ಮ ಮುಂದೆ ಎಂಟು ದೋಸೆ ಇದೆ ಸಾರ್, ಹತ್ತು ನಿಮಿಷ ಆಗುತ್ತೆ, ಖಾಲಿ ದೋಸೆ ಅಲ್ಲಿವರೆಗೆ ಕೊಡ್ಲಾ?" ಅನ್ನುತ್ತಾನೆ. ನನಗೆ ಬೇಕಾದವನು ಎರಡನೆಯವನು. ಹೋಟೆಲಿನವರ ಹುಡುಗನನ್ನು ಅಲ್ಲೇ ಹೋಗಿ ಎಳೆದುಕೊಂಡು ಬನ್ನಿ ಅನ್ನುತ್ತಿಲ್ಲ, ಆ ಪಾಪ ನನಗೆ ಬೇಡ. ಹೇಗಿರುತ್ತಾನೆ ಅಂತ ಕಣ್ಣಿಗೆ ಅಭ್ಯಾಸವಾಗಲಿ ಅಂತ ಹೇಳಿದೆ.

ನೆಂಟರ ಹುಡುಗರು ಮಾತ್ರ ಬೇಡ. ಬೈಯುವ ಹಾಗಿಲ್ಲ, ಬಿಡುವ ಹಾಗಿಲ್ಲ. ಮುಂದಿನ ಗೃಹಪ್ರವೇಶದಲ್ಲಿ ಅವರಮ್ಮನ ಪಕ್ಕದಲ್ಲೇ ಊಟಕ್ಕೆ ಕೂರಬೇಕಾಗುತ್ತದೆ.

ಕೂರಿಸಿ ಕೇಳುವ ಮಾತು

ಇಂಟರ್‌ವ್ಯೂಗೆ ಹೆಚ್ಚು ಹೊತ್ತು ಬೇಡ, ಇಪ್ಪತ್ತು ನಿಮಿಷ ಸಾಕು. "ಈ ಪೆನ್ನು ನನಗೆ ಮಾರು" ಅನ್ನುವ ಆಟವನ್ನು ಬಿಟ್ಟುಬಿಡಿ. ಅದರಲ್ಲಿ ಗೆಲ್ಲುವವನು ನನ್ನ 22 ಕೇಸಿನ ಹುಡುಗ. ಬೇಕಂತಲೇ ಎರಡು ಗಂಟೆ ಕಾಯಿಸುವುದು, ಕೂತ ತಕ್ಷಣ ಜೋರು ಮಾಡುವುದು, ಇದನ್ನೂ ಕೆಲವರು ಒತ್ತಡದ ಪರೀಕ್ಷೆ ಅಂತ ಮಾಡುತ್ತಾರೆ. ಮಾನ ಇರುವವನು ಎದ್ದು ಹೋಗುತ್ತಾನೆ, ಗತಿ ಇಲ್ಲದವನು ಕೂತಿರುತ್ತಾನೆ. ಆಮೇಲೆ ನೀವು ಕೂತವನನ್ನು ಗಟ್ಟಿಗ ಅಂತ ತೆಗೆದುಕೊಳ್ಳುತ್ತೀರಿ.

ನಾನು ಕೇಳುವುದು ಕೆಟ್ಟ ತಿಂಗಳಿನ ಬಗ್ಗೆ. ಲೈನಿನಲ್ಲಿ ಕೆಲಸ ಮಾಡಿದವನಾದರೆ 2025ರ ಸೆಪ್ಟೆಂಬರ್ ಹೇಗೆ ಕಳೆದೆ ಅಂತ ಕೇಳುತ್ತೇನೆ. ಆ ತಿಂಗಳು ನೆನಪಿದೆ ಅಲ್ವಾ? 3ನೇ ತಾರೀಕು ಜಿಎಸ್‌ಟಿ ಇಳಿಕೆ ಘೋಷಣೆಯಾಯಿತು. ಸೋಪು, ಪೇಸ್ಟು, ಶಾಂಪೂ, ತಲೆ ಎಣ್ಣೆ, ಬಿಸ್ಕತ್ತು, ಎಲ್ಲ 18ರಿಂದ 5 ಪರ್ಸೆಂಟಿಗೆ. ಜಾರಿ ಮಾತ್ರ 22ಕ್ಕೆ. ನಡುವೆ ಇರುವ ಆ ಎರಡೂವರೆ ವಾರ ಯಾವ ಅಂಗಡಿಯವರು ಮಾಲು ತೆಗೆದುಕೊಳ್ಳುತ್ತಾರೆ ಹೇಳಿ? "22 ಆದ್ಮೇಲೆ ಬಾ" ಅಂದುಬಿಟ್ಟರು. 22 ಆದ ಮೇಲೆ ಹಳೇ ಎಂಆರ್‌ಪಿ ಮಾಲಿನ ಗೋಳು. ಏನೇ ಚೆನ್ನಾಗಿ ಮಾತಾಡಿದರೂ ಆ ತಿಂಗಳು ಮಾರುವುದು ಕಷ್ಟವಿತ್ತು.

ಹಾಗಾಗಿ ಆ ತಿಂಗಳ ಕತೆ ಬಹಳ ಹೇಳುತ್ತದೆ. "ಆ ತಿಂಗಳೂ ನಾನು ನೂರು ಪರ್ಸೆಂಟ್ ಮಾಡಿದೆ ಸಾರ್" ಅಂದರೆ ಹೇಗೆ ಮಾಡಿದೆ, ಯಾವ ಅಂಗಡಿಗೆ ಕೊಟ್ಟೆ, ಅಕ್ಟೋಬರಿನಲ್ಲಿ ಎಷ್ಟು ವಾಪಸ್ ಬಂತು ಅಂತ ಒಂದೊಂದೇ ಕೇಳಿ. ನಿಜವಾಗಿ ಮಾಡಿದವನಿಗೆ ಅಂಗಡಿಯ ಹೆಸರು ಬಾಯಿಗೆ ಬರುತ್ತದೆ. "ಹೋಯ್ತು ಸಾರ್, ಅರ್ಧನೂ ಆಗ್ಲಿಲ್ಲ, ಆಗ ಹಳೇ ಬಾಕಿ ಮೇಲೆ ಕೂತ್ಕೊಂಡೆ, ಕಲೆಕ್ಷನ್ ಮಾತ್ರ ಚೆನ್ನಾಗಿ ಮಾಡಿದೆ" ಅಂತ ಒಬ್ಬ ಹೇಳಿದ. ಮಾರುವುದಕ್ಕೆ ಆಗದ ವಾರದಲ್ಲಿ ಆಗುವ ಕೆಲಸ ಯಾವುದು ಅಂತ ಹುಡುಕಿಕೊಂಡಿದ್ದಾನೆ. ಅವನನ್ನು ಟ್ರಯಲ್‌ಗೆ ಕರೆದೆ.

ಲೈನು ಮಾಡದವನಿಗೆ ಬೇರೆ ಥರ ಕೇಳಿ. ಯಾರಾದರೂ ಎಲ್ಲರೆದುರು ಬೈದದ್ದು ಯಾವಾಗ, ಆಮೇಲೆ ಅವರ ಹತ್ತಿರ ಮತ್ತೆ ಯಾವಾಗ ಹೋದೆ ಅಂತ. ಬೈದದ್ದರ ಕತೆ ಎಲ್ಲರೂ ಹೇಳುತ್ತಾರೆ. ಮತ್ತೆ ಹೋದ ಕತೆ ಇರುವವರು ಕಮ್ಮಿ.

ಮನೆಯ ಪರಿಸ್ಥಿತಿಯನ್ನೂ ಕೇಳುತ್ತೇನೆ, ಮೆತ್ತಗೆ. ಬೈಕಿನ ಇಎಂಐ, ಸಂಘದ ಸಾಲ, ಇವು ಇದ್ದರೆ ತಪ್ಪಲ್ಲ, ಯಾರಿಗಿಲ್ಲ ಈಗ? ಆದರೆ ತಿಂಗಳಿಗೆ ಕಟ್ಟುವುದು ಸಂಬಳಕ್ಕಿಂತ ಜಾಸ್ತಿ ಇದ್ದು, ದಿನಾ ಸಾವಿರಗಟ್ಟಲೆ ಕ್ಯಾಶ್ ಕೈಯಲ್ಲಿ ಹಿಡಿಯುವ ಕೆಲಸ ಕೊಟ್ಟರೆ, ಬೆಂಕಿಯ ಪಕ್ಕ ಬೆಣ್ಣೆ ಇಟ್ಟ ಹಾಗೆ. ಅಂಥವನಿಗೆ ಮೊದಲು ಆರ್ಡರ್ ಮಾತ್ರ ಕೊಡಿ, ಕಲೆಕ್ಷನ್ ಬೇರೆಯವರು ಮಾಡಲಿ.

ಹಳೇ ಮಾಲೀಕನಿಗೆ ಫೋನ್ ಮಾಡಬೇಡಿ

ಅಂದರೆ ಮಾಡಿ, ಆದರೆ ಅವರ ಮಾತನ್ನೇ ನಂಬಬೇಡಿ. ಕಳಿಸುವ ಮನಸ್ಸಿದ್ದರೆ ಹೊಗಳುತ್ತಾರೆ, ಕಳಿಸುವ ಮನಸ್ಸಿಲ್ಲದಿದ್ದರೆ ತೆಗಳುತ್ತಾರೆ. ನಿಜ ಗೊತ್ತಿರುವುದು ಅವನ ಹಳೇ ಲೈನಿನ ಅಂಗಡಿಯವರಿಗೆ. ಮೂರು ಅಂಗಡಿಗೆ ಹೋಗಿ, ಒಂದು ಟೀ ಕುಡಿಯುವಷ್ಟು ಹೊತ್ತು ಕೂತು ಎರಡು ಪ್ರಶ್ನೆ ಕೇಳಿ. ಅವನು ಬಿಟ್ಟು ಹೋದಾಗ ನಿಮ್ಮ ಡ್ಯಾಮೇಜು, ಎಕ್ಸ್‌ಪೈರಿ ಕ್ಲೇಮು, ಅಂದರೆ ಕೆಟ್ಟ ಮಾಲಿಗೆ ಬರಬೇಕಾದ ದುಡ್ಡು, ಏನಾದರೂ ಬಾಕಿ ಇತ್ತಾ? ಮಂತ್ ಎಂಡಿನಲ್ಲಿ ಕೇಳದ ಮಾಲು ಕಳಿಸುತ್ತಿದ್ದನಾ? "ಒಳ್ಳೆ ಹುಡ್ಗ ಕಣ್ರೀ" ಅನ್ನುವುದು ಲೆಕ್ಕಕ್ಕಿಲ್ಲ, ಎಲ್ಲರನ್ನೂ ಹಾಗೇ ಅನ್ನುತ್ತಾರೆ. "ಆಗಲ್ಲ ಅಂದ್ರೆ ಆಗಲ್ಲ ಅಂತಿದ್ದ, ಹೇಳಿದ್ರೆ ಮಾಡ್ತಿದ್ದ" ಅಂತ ಯಾರಾದರೂ ಹೇಳಿದರೆ ಕಿವಿ ನೆಟ್ಟಗೆ ಮಾಡಿ.

ಡ್ರೈವಿಂಗ್ ಲೈಸೆನ್ಸ್, ಆಧಾರ್ ಕಾಪಿ, ಈಗಿರುವ ಮನೆಯ ವಿಳಾಸ ತೆಗೆದಿಟ್ಟುಕೊಳ್ಳಿ. ಪೊಲೀಸ್ ವೆರಿಫಿಕೇಶನ್ ಬೇಕಾದರೆ ಸರ್ಕಾರದ ಸೇವಾ ಸಿಂಧು ವೆಬ್‌ಸೈಟಿನಲ್ಲಿ ಅರ್ಜಿ ಹಾಕಬಹುದು. ಇನ್ನು ಸೆಕ್ಯುರಿಟಿ ಅಂತ ಖಾಲಿ ಚೆಕ್ಕಿಗೆ ಸಹಿ ಹಾಕಿಸಿಕೊಳ್ಳುವುದು, ಒರಿಜಿನಲ್ ಮಾರ್ಕ್ಸ್ ಕಾರ್ಡ್ ಬೀರುವಿನಲ್ಲಿ ಇಟ್ಟುಕೊಳ್ಳುವುದು. ನಮ್ಮ ಕಡೆ ಬಹಳ ಜನ ಮಾಡುತ್ತಾರೆ, ನಾನೂ ಒಂದು ಕಾಲಕ್ಕೆ ಮಾಡಿದ್ದೇನೆ. ಮಾಡಬೇಡಿ. ಮೊದಲ ದಿನವೇ ಕುತ್ತಿಗೆಗೆ ಹಗ್ಗ ಹಾಕಿದ ಮಾಲೀಕನ ಹತ್ತಿರ ಬಂದು "ಇವತ್ತು 1,200 ರೂಪಾಯಿ ಲೆಕ್ಕ ತಪ್ಪಿದೆ" ಅಂತ ಯಾರು ಹೇಳುತ್ತಾರೆ?

ಮೂರು ದಿನದ ಟ್ರಯಲ್

ಎಲ್ಲಕ್ಕಿಂತ ಮುಖ್ಯ ಇದು. ಮೂರು ದಿನ ಲೈನಿಗೆ ಕರೆದುಕೊಂಡು ಹೋಗಿ, ಕೂಲಿ ಕೊಟ್ಟು. ಬಿಟ್ಟಿ ಟ್ರಯಲ್ ಮಾಡಿಸಬೇಡಿ.

ಮೊದಲ ದಿನ ನೀವು ಜೊತೆಗಿರಿ. ಲೈನು ಅಂದರೆ ದಿನಕ್ಕೆ 35ರಿಂದ 40 ಅಂಗಡಿ. ಅರ್ಧಕ್ಕಿಂತ ಜಾಸ್ತಿ ಕಡೆ "ಏನೂ ಬೇಡ ಹೋಗಪ್ಪಾ" ಕೇಳುವ ದಿನಗಳಿರುತ್ತವೆ. ಹತ್ತನೇ ಅಂಗಡಿಯಲ್ಲಿ ಹೇಗಿದ್ದ ಅನ್ನುವುದನ್ನು ನೋಡಬೇಡಿ, ಎಲ್ಲರೂ ಚೆನ್ನಾಗಿಯೇ ಇರುತ್ತಾರೆ. ಮಧ್ಯಾಹ್ನ ಮೂರಕ್ಕೆ, ಏಪ್ರಿಲ್ ಬಿಸಿಲಿನಲ್ಲಿ, ಐದು ಅಂಗಡಿಯಲ್ಲಿ ಸತತವಾಗಿ ಬೇಡ ಅನ್ನಿಸಿಕೊಂಡ ಮೇಲೆ ಆರನೆಯದಕ್ಕೆ ಹೇಗೆ ಮೆಟ್ಟಿಲು ಹತ್ತುತ್ತಾನೆ ನೋಡಿ. ರಸ್ತೆಯಲ್ಲೇ ನಿಂತು "ಏನಾದ್ರು ಬೇಕಾ?" ಅಂತ ಕೂಗುವವನು ಇಲ್ಲ ಅನ್ನುವ ಉತ್ತರವನ್ನು ತಾನೇ ಕೊಟ್ಟುಕೊಂಡಿರುತ್ತಾನೆ. ಒಳಗೆ ಹೋಗಿ ರ‍್ಯಾಕ್ ನೋಡಿ "ಅಣ್ಣಾ, ಹತ್ತು ರೂಪಾಯಿದು ಖಾಲಿ ಆಗಿದೆ" ಅನ್ನುವವನಿಗೆ ಇನ್ನೂ ಜೀವ ಇದೆ.

ಒಂದು ದಿನದ್ದು ಹೇಳುತ್ತೇನೆ. ಒಂದೇ ವಾರದಲ್ಲಿ ಇಬ್ಬರನ್ನು ಒಂದೇ ಅಂಗಡಿಗೆ ಕರೆದುಕೊಂಡು ಹೋಗಿದ್ದೆ. ಹಿಂದಿನ ಸೇಲ್ಸ್‌ಮನ್ ಎಕ್ಸ್‌ಪೈರಿ ಬಿಸ್ಕತ್ತಿನ ಕ್ಲೇಮು ಕೊಡುತ್ತೇನೆ ಕೊಡುತ್ತೇನೆ ಅಂತ ಮೂರು ತಿಂಗಳು ಎಳೆದಿದ್ದ ಅಂಗಡಿ ಅದು. ಸಾಹುಕಾರರು ನಮ್ಮ ಬ್ಯಾಗು ನೋಡಿದ ತಕ್ಷಣ ಕೆಳಗಿನಿಂದ ಒಂದು ಚೀಲ ಎತ್ತಿ ಕೌಂಟರ್ ಮೇಲೆ ಸುರಿದರು. ಪ್ಯಾಕೆಟ್ಟು ನೆಲಕ್ಕೂ ಬಿದ್ದವು. ಹಾಲು ತೆಗೆದುಕೊಳ್ಳಲು ಬಂದ ಹೆಂಗಸರು ಇಬ್ಬರು ನೋಡುತ್ತಿದ್ದರು.

ಮೊದಲನೆಯವನು "ಅದು ನಾನಲ್ಲ ಸಾರ್, ಹಳೇ ಹುಡ್ಗ ಮಾಡಿದ್ದು" ಅಂದ. ನಿಜವೇ. ಆದರೆ ಸಾಹುಕಾರರ ಸಿಟ್ಟು ಇನ್ನೂ ಏರಿತು. ತಡೆಯಲಾಗದೆ "ನಾಳೆನೇ ಕ್ಲಿಯರ್ ಮಾಡಿಸ್ತೀನಿ ಸಾರ್" ಅಂತ ಸೇರಿಸಿದ. ನನ್ನನ್ನು ಒಂದು ಮಾತು ಕೇಳಿಲ್ಲ, ಆಗುತ್ತದೋ ಇಲ್ಲವೋ ಗೊತ್ತಿಲ್ಲ.

ಎರಡು ದಿನ ಬಿಟ್ಟು ಎರಡನೆಯವನು. ಅದೇ ಚೀಲ, ಅದೇ ಕೂಗಾಟ. ಅವನು ಬಗ್ಗಿ ನೆಲದ ಮೇಲಿದ್ದ ಪ್ಯಾಕೆಟ್ ಮೊದಲು ಎತ್ತಿದ. ಕೌಂಟರ್ ಮೇಲೆ ಹತ್ತತ್ತರ ಸಾಲು ಜೋಡಿಸಿದ. ಸಾಹುಕಾರರು ಬೈಯುತ್ತಲೇ ಇದ್ದರು, ಇವನು ಬ್ಯಾಚ್ ನಂಬರು, ತಾರೀಕು ಬರೆಯುತ್ತಲೇ ಇದ್ದ. "ನಲವತ್ತಮೂರು ಇದೆ ಅಣ್ಣಾ, ಸರಿ ಐತಾ ನೋಡ್ಕೊಳ್ಳಿ" ಅಂತ ಚೀಟಿ ತೋರಿಸಿದ. "ಕ್ಲೇಮ್ ಆಗುತ್ತೆ ಅಂತ ಈಗ ಹೇಳಲ್ಲ. ಕೇಳಿ ಸೋಮವಾರ ಬಂದು ಹೇಳ್ತೀನಿ. ಆಗದಿದ್ರೂ ಬಂದು ಹೇಳ್ತೀನಿ." ಸಾಹುಕಾರರು ಸುಮ್ಮನಾಗಲಿಲ್ಲ, ಆರ್ಡರೂ ಕೊಡಲಿಲ್ಲ. ಆದರೆ ಬೈಗುಳದ ದನಿ ಒಂದು ಮೆಟ್ಟಿಲು ಇಳಿಯಿತು, ಅದು ನನಗೆ ಕೇಳಿಸಿತು. ಅವನು ಈಗಲೂ ನಮ್ಮಲ್ಲೇ ಇದ್ದಾನೆ.

ಎರಡನೇ ದಿನ ಒಬ್ಬನನ್ನೇ ಕಳಿಸಿ, ಬೇಕಂತಲೇ ಸತ್ತ ಲೈನಿಗೆ. ವ್ಯಾಪಾರ ಆಗುವುದಿಲ್ಲ ಅಂತ ನಿಮಗೆ ಗೊತ್ತಿರುವ ಕಡೆ. ಸಂಜೆ ಎಷ್ಟು ತಂದ ಅನ್ನುವುದು ಮುಖ್ಯವಲ್ಲ, ಎಷ್ಟು ಅಂಗಡಿಗೆ ಹೋಗಿದ್ದೆ, ಎಷ್ಟು ಕಡೆ ಯಾಕೆ ಬೇಡ ಅಂದರು ಅಂತ ಕೇಳಿ. ಮಾರನೇ ದಿನ ಅದರಲ್ಲಿ ಎರಡು ಅಂಗಡಿಗೆ ನೀವೇ ಫೋನ್ ಮಾಡಿ ವಿಚಾರಿಸಿ. ಹೋಗದ ಅಂಗಡಿಗೆ ಹೋದೆ ಅಂದಿದ್ದರೆ ಅಲ್ಲಿಗೇ ಮುಗಿಯಿತು.

ಮೂರನೇ ದಿನ ವಸೂಲಿ. ಹತ್ತು ಹಳೇ ಉದ್ರಿ ಬಿಲ್ ಕೊಟ್ಟು ಕಳಿಸಿ. ಬಂದ ಮೇಲೆ ಪಟ್ಟಿ ಓದಿ. ಒಬ್ಬ "ಸಾಹುಕಾರ್ರು ಇರಲಿಲ್ಲ" ಅಂತ ಆರು ಕಡೆ ಬರೆದಿರುತ್ತಾನೆ. ಇನ್ನೊಬ್ಬ "ಸಾಹುಕಾರ್ರು ಧರ್ಮಸ್ಥಳಕ್ಕೆ ಹೋಗಿದ್ದಾರೆ, ಬುಧವಾರ ಬರುತ್ತಾರೆ, ಮಗ 500 ಕೊಟ್ಟ, ಒಂದು ಬಿಲ್ಲಿನ ಲೆಕ್ಕ ಒಪ್ಪುತ್ತಿಲ್ಲ, ಎರಡು ಡಜನ್ ಶಾರ್ಟ್ ಬಂದಿತ್ತಂತೆ" ಅಂತ ಬರೆದಿರುತ್ತಾನೆ. ತಂದ ದುಡ್ಡು ಇಬ್ಬರದೂ ಒಂದೇ ಇದ್ದರೂ ಎರಡನೆಯವನನ್ನು ತೆಗೆದುಕೊಳ್ಳಿ. 2025ರ ಜುಲೈನಲ್ಲಿ ಯುಪಿಐ ಲೆಕ್ಕ ನೋಡಿ ಸಣ್ಣ ವ್ಯಾಪಾರಿಗಳಿಗೆ ತೆರಿಗೆ ನೋಟಿಸ್ ಬಂದು, ಬೆಂಗಳೂರಿನ ಅಂಗಡಿಗಳಲ್ಲಿ "ಯುಪಿಐ ಇಲ್ಲ, ಕ್ಯಾಶ್ ಮಾತ್ರ" ಅಂತ ಬೋರ್ಡ್ ಬಿದ್ದಾಗ ಇಂಥ ಹುಡುಗರೇ ಕೆಲಸಕ್ಕೆ ಬಂದಿದ್ದು. ಯಾವ ಅಂಗಡಿಯವರು ಯಾಕೆ ಕೊಡುತ್ತಿಲ್ಲ ಅಂತ ಕಾರಣ ತಂದರೆ ದಾರಿ ಹುಡುಕಬಹುದು.

ಸಂಬಳದ ಲೆಕ್ಕ

ಒಳ್ಳೆಯವನನ್ನು ತೆಗೆದುಕೊಂಡು ನಾವೇ ಕೆಡಿಸುವುದು ಇಲ್ಲಿ. ಸಂಬಳ ಕಮ್ಮಿ, ಇನ್ಸೆಂಟಿವ್ ಜಾಸ್ತಿ ಇಟ್ಟರೆ ಚೆನ್ನಾಗಿ ಓಡುತ್ತಾನೆ ಅಂತ ಅಂದುಕೊಳ್ಳುತ್ತೇವೆ. ಮನೆ ಬಾಡಿಗೆ, ರೇಷನ್ನು, ಮಕ್ಕಳ ಫೀಸು ಇಷ್ಟಾದರೂ ಸಂಬಳದಲ್ಲಿ ಬರುವ ಹಾಗಿರಲಿ. ಪೆಟ್ರೋಲು ಬೇರೆ.

ಇನ್ನೊಂದು, 100 ಪರ್ಸೆಂಟ್ ಆದರೆ ಐದು ಸಾವಿರ, 99 ಆದರೆ ಸೊನ್ನೆ ಅಂತ ಇಡಬೇಡಿ. ನನ್ನ 22 ಕೇಸು ಹುಟ್ಟಿದ್ದೇ ಆ ಸೊನ್ನೆಯಿಂದ. 85ಕ್ಕೆ ಇಷ್ಟು, 90ಕ್ಕೆ ಇಷ್ಟು, 95ಕ್ಕೆ ಇಷ್ಟು ಅಂತ ಮೆಟ್ಟಿಲು ಮಾಡಿ. ಬಿಲ್ ಮೇಲೆ ಇನ್ಸೆಂಟಿವ್ ಕೊಡಬೇಡಿ, ಬಂದ ದುಡ್ಡಿನ ಮೇಲೆ ಕೊಡಿ. ಈ ಎರಡು ಬದಲಾವಣೆ ಮಾಡಿದ ಮೇಲೆ ನಮ್ಮಲ್ಲಿ 2ನೇ ತಾರೀಕು ವಾಪಸ್ ಬರುವ ಗಾಡಿ ಹೆಚ್ಚುಕಮ್ಮಿ ನಿಂತೇಹೋಯಿತು.

ಕಂಪನಿ ಆಫೀಸರು ನೇರವಾಗಿ ಹುಡುಗನಿಗೆ ಫೋನ್ ಮಾಡಿ ಕೂಗುವುದಕ್ಕೂ ಬಿಡಬೇಡಿ. ವಾಟ್ಸಾಪ್ ಗ್ರೂಪಿನಲ್ಲಿ ಕೊನೆಯವನ ಹೆಸರಿಗೆ ಕೆಂಪು ಬಣ್ಣ ಹಾಕಿ ಕಳಿಸುತ್ತಾರಲ್ಲ, ಅದನ್ನೂ. "ನನಗೆ ಹೇಳಿ, ನಾನು ಹೇಳ್ತೀನಿ" ಅನ್ನಿ. ಅವರಿಗೆ ಸಿಟ್ಟು ಬರುತ್ತದೆ, ಬರಲಿ. ಅವರ ಮೇಲೂ ಯಾರೋ ಕೂಗುತ್ತಿರುತ್ತಾರೆ. ನಾನು 20ನೇ ತಾರೀಕಿಗೇ ಹುಡುಗರನ್ನು ಕೂರಿಸಿಕೊಂಡು ಈ ತಿಂಗಳು ನಿಜವಾಗಿ ಎಷ್ಟಾಗುತ್ತದೆ ಅಂತ ಕೇಳಿಕೊಂಡು, ಆ ನಂಬರನ್ನೇ ಮೇಲೆ ಹೇಳಿಬಿಡುತ್ತೇನೆ. ಹೊಸ ಹುಡುಗ ಮೊದಲ ಸಲ "ಎಂಬತ್ತು ದಾಟಲ್ಲ ಅಣ್ಣಾ" ಅಂದಾಗ ನಿಮ್ಮ ಮುಖ ಹೇಗಿರುತ್ತದೆ ಅನ್ನುವುದನ್ನು ಅವನು ನೋಡುತ್ತಿರುತ್ತಾನೆ, ನೆನಪಿರಲಿ. ಆಗ ಕೂಗಿದರೆ ಮುಂದಿನ ತಿಂಗಳಿನಿಂದ ನಿಮಗೆ ನೂರೇ ಕೇಳಿಸುತ್ತದೆ.

ಟ್ರಯಲ್‌ನಲ್ಲಿ ಬೇಡ ಅನ್ನಿಸಿದವನಿಗೆ "ಫೋನ್ ಮಾಡ್ತೀವಿ" ಅಂತ ಹೇಳಿ ಕಳಿಸಬೇಡಿ. ಮೂರನೇ ದಿನ ಸಂಜೆಯೇ ಕೂಲಿ, ಪೆಟ್ರೋಲಿನ ದುಡ್ಡು ಎಣಿಸಿ ಕೊಟ್ಟು, ಯಾಕೆ ಬೇಡ ಅಂತ ಒಂದು ಮಾತು ಹೇಳಿ. ಮುಂದಿನ ವಾರ ಅವನು ಇನ್ನೊಂದು ಏಜೆನ್ಸಿಯ ಬ್ಯಾಗು ಹಾಕಿಕೊಂಡು ಅದೇ ಕೌಂಟರ್ ಮುಂದೆ ನಿಮ್ಮ ಹುಡುಗನ ಪಕ್ಕದಲ್ಲೇ ನಿಂತಿರುತ್ತಾನೆ.